ಗೋಡೆ ತೂರಿದ ಗೌಡರು

ಗೆಳೆಯರೇ, ಕಂಪ್ಯೂಟರಿನ ತ್ರೀಡಿ ಮನೆಯೊಳಗೆ ಓಡಾಡಲು ಜಾಯ್‌ಸ್ಟಿಕ್ ಹೊಂದಿಸುವ ಪಾಡು ನಿಮಗ್ಯಾರಿಗೂ ಬರದಿರಲಿ. ಹಾಸನದ ನನ್ನ ಪ್ಲಾನ್ ಆಫೀಸಿನಲ್ಲಿ ಇವತ್ತು ಬೆಳಗ್ಗೆಯೆಲ್ಲ ಅದೇ ಕೆಲಸ. ಮುಂದಕ್ಕೆ ತಳ್ಳಿದರೆ ತೆರೆಯ ಮೇಲಿನ ನೋಟ ಸೂರಿಗೆ ಹಾರುತ್ತಿತ್ತು, ಎಡಕ್ಕೆ ಎಂದರೆ ಬಲಕ್ಕೆ ತಿರುಗುತ್ತಿತ್ತು. ಅಂತೂ ದಾರಿಗೆ ತಂದು, ಹೊಸ ಮನೆ ಕಟ್ಟಿಸಲು ಹೊರಟಿರುವ ಹಳೇಕೋಟೆಯ ಪುಟ್ಟೇಗೌಡರ ಕೈಗೆ ಕೊಟ್ಟೆ. ತೆರೆಯ ಮೇಲಿರುವುದು ಅವರದೇ ಮನೆಯ ನಕ್ಷೆ; ಅವರು ನೋಡಿ ಒಪ್ಪಿದರೆ ನಾಳೆಯೇ ಪಾಯದ ಕೆಲಸ ಶುರು.

ಗೌಡರು ಟ್ರ್ಯಾಕ್ಟರ್ ಗೇರ್ ಹಾಕಿದ ಹಾಗೆ ಒಂದೇ ಸಲಕ್ಕೆ ನೂಕಿದರು. ಗೋಡೆ ಅಡ್ಡ ಬಂದರೆ ನಿಲ್ಲಬೇಕು ಎಂಬ ಸೆಟ್ಟಿಂಗ್ ಹಾಕುವುದನ್ನು ನಾನು ಮರೆತಿದ್ದೆ. ತೆರೆಯ ಮೇಲೆ ಗೌಡರು ಗೋಡೆ ತೂರಿಕೊಂಡು ನೇರವಾಗಿ ದೇವರ ಮನೆಯಲ್ಲಿದ್ದರು.

ಪಕ್ಕದಲ್ಲಿದ್ದ ಅವರ ಹೆಂಡತಿ ಕೂಗಿಕೊಂಡರು: "ಅಯ್ಯೋ, ಗೃಹಪ್ರವೇಶನೇ ಆಗಿಲ್ಲ, ದೆವ್ವ ನುಗ್ದಂಗೆ ನುಗ್ಬುಟ್ರಲ್ಲಾ!"

ಗೌಡರ ಮುಖ ಕಪ್ಪಿಟ್ಟಿತು. "ಆಚೆಗೆ ಕರ್ಕಂಡ್ಬನ್ನಿ ಸಾ, ಬಾಗ್ಲಿಂದ್ಲೇ ಓಗ್ತೀನಿ."

ಸೆಟ್ಟಿಂಗ್ ಸರಿಮಾಡಿ ಹೊಸ್ತಿಲ ಮುಂದೆ ತಂದು ನಿಲ್ಲಿಸಿದೆ. ಗೌಡರು ಜಾಯ್‌ಸ್ಟಿಕ್ ಮುಟ್ಟಲೇ ಇಲ್ಲ.

"ಇದ್ರಲ್ಲಿ ಬಲಗಾಲು ಯಾವ್ದು ಸಾ?"

ನಾಳೆಯ ಪಾಯದ ಕೆಲಸ ಮುಂದಕ್ಕೆ ಹೋಗಿದೆ. ನಾನು ಇನ್ನೂ ಸೆಟ್ಟಿಂಗ್ಸ್‌ನಲ್ಲಿ ಕಾಲು ಹುಡುಕುತ್ತಾ ಕೂತಿದ್ದೇನೆ.