ಏನು ಸಿಕ್ಕಿತೆಂದು ಬಕೆಟ್ ಅಕ್ಕ ಹೇಳುವುದಿಲ್ಲ

ಬೆಳಿಗ್ಗೆ ಆರೂ ಕಾಲು. ಮೂರನೇ ಮಹಡಿಯ ಮನೆಯೊಂದರ ಬಾಗಿಲ ಮುಂದೆ ಬಕೆಟ್ ಅಕ್ಕ ಚಪ್ಪಲಿ ಬಿಟ್ಟು, ಚೀಲದಿಂದ ರಬ್ಬರ್ ಬೂಟು ತೆಗೆದು ಹಾಕಿಕೊಳ್ಳುತ್ತಿದ್ದಾರೆ. ಪಕ್ಕದಲ್ಲಿ ಅವರ ನೀಲಿ ಬಕೆಟ್ಟು. ಅದರೊಳಗೆ ಮರದ ಹಿಡಿಯ ರಬ್ಬರ್ ಪಂಪು, ಸುರುಳಿ ಸುತ್ತಿದ ಸ್ಪ್ರಿಂಗ್ ತಂತಿ, ಹಳೆ ಬಟ್ಟೆ, ಒಂದು ಕಟ್ಟು ಕಪ್ಪು ಪ್ಲಾಸ್ಟಿಕ್ ಕವರು. ಬಾಗಿಲು ತೆರೆದ ಮನೆಯೊಡತಿಯ ಕಣ್ಣಲ್ಲಿ ನಿದ್ದೆಯಿಲ್ಲ. ಅವರ ಹಿಂದೆ ಹೆಗಲಿಗೆ ಟವೆಲ್ಲು ಹಾಕಿಕೊಂಡ ಗಂಡ, ಬ್ರಷ್ಷು ಬಾಯಲ್ಲೇ ಇಟ್ಟುಕೊಂಡ ಮಗಳು, ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತಿರುವ ಮಗ. ಐದು ಜನರ ಮನೆಗೆ ಇರುವುದು ಒಂದೇ ಟಾಯ್ಲೆಟ್. ನಿನ್ನೆ ಸಂಜೆಯಿಂದ ಅದು ಕಟ್ಟಿಕೊಂಡಿದೆ.

ಐದನೆಯವರು ಅಜ್ಜಿ. ಹಾಲ್‌ನ ಕುರ್ಚಿಯಲ್ಲಿ ಗೋಡೆಗೆ ಒರಗಿ ಕುಳಿತಿದ್ದಾರೆ. ಎರಡೂ ಪಾದ ಊದಿಕೊಂಡು, ತಮ್ಮ ಚಪ್ಪಲಿ ಹಿಡಿಸದೆ ಮಗನ ಚಪ್ಪಲಿ ಮೆಟ್ಟಿದ್ದಾರೆ. ರಾತ್ರಿಯೆಲ್ಲ ಅವರನ್ನು ಪಕ್ಕದ ಮನೆಗೆ ಕೈ ಹಿಡಿದು ಕರೆದುಕೊಂಡು ಹೋಗಿ ಬಂದವರು ಸೊಸೆ. "ಎರಡು ಹೆಜ್ಜೆ ಇಟ್ರೆ ಮೇಲುಸಿರು ಬರತ್ತೆ ಅತ್ತೆಗೆ. ಡಾಕ್ಟರು ಹೋದ ವಾರ ಮಾತ್ರೆ ಡೋಸ್ ಜಾಸ್ತಿ ಮಾಡಿದ್ರು, ಆದ್ರೂ ಊತ ಇಳೀತಿಲ್ಲ. ಸೋಮವಾರದೊಳಗೆ ಕಡಿಮೆ ಆಗ್ಲಿಲ್ಲ ಅಂದ್ರೆ ಆಸ್ಪತ್ರೆಗೆ ಸೇರಿಸಿ ಅಂದಿದಾರೆ" ಎಂದು ಅವರು ಒಂದೇ ಉಸಿರಿನಲ್ಲಿ ಹೇಳುತ್ತಾರೆ. ಅಂದು ಶುಕ್ರವಾರ.

ಬಕೆಟ್ ಅಕ್ಕ ತಲೆಯಾಡಿಸಿ ತಮ್ಮ ಮೊದಲ ಪ್ರಶ್ನೆ ಕೇಳುತ್ತಾರೆ. "ಆಸಿಡ್ ಏನಾದ್ರೂ ಸುರಿದಿದೀರಾ?" ಯಾವ ಮನೆಗೆ ಹೋದರೂ ಇದೇ ಮೊದಲು. ಅವರ ಬಲ ಮುಂಗೈಯಿಂದ ಮೊಣಕೈವರೆಗೆ ಚರ್ಮ ಸುಕ್ಕುಗಟ್ಟಿ ಹೊಳೆಯುತ್ತದೆ. ಒಬ್ಬ ಮಹಾಶಯ ಎರಡು ಬಾಟಲಿ ಆಸಿಡ್ ಸುರಿದು, ಏನೂ ಹಾಕಿಲ್ಲ ಎಂದು ಸಾಧಿಸಿದ್ದರ ಫಲ ಅದು.

ಎರಡನೆಯ ಪ್ರಶ್ನೆಗೆ ಮಾತ್ರ ಅವರದೇ ಒಂದು ಪದ್ಧತಿ ಇದೆ. ಮನೆಮಂದಿಯನ್ನು ಒಬ್ಬೊಬ್ಬರನ್ನೇ ಬಾಲ್ಕನಿಗೆ ಕರೆದು ಮೆಲ್ಲಗೆ ಕೇಳುತ್ತಾರೆ: "ಒಳಗೆ ಏನು ಬಿತ್ತು? ನಂಗೆ ಹೇಳಿ, ಬೇರೆ ಯಾರಿಗೂ ಗೊತ್ತಾಗಲ್ಲ." ಎಲ್ಲರ ಎದುರು ಕೇಳಿದರೆ ಎಲ್ಲರೂ ಸಂಪನ್ನರೇ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರು ಬಾಲ್ಕನಿಯಲ್ಲೇ ಸಿಗುವುದು. ಈ ಮನೆಯಲ್ಲಿ ಹುಡುಗ ಒಂದು ಪೆನ್ಸಿಲ್ ರಬ್ಬರು ಬೀಳಿಸಿದ್ದನ್ನು ಒಪ್ಪಿಕೊಂಡ. ಅವನ ಅಕ್ಕ ಕೂದಲಿನ ಉಂಡೆ ಎಂದಳು. ಅಜ್ಜಿಯನ್ನು ಕುರ್ಚಿಯಿಂದ ಎಬ್ಬಿಸಬಾರದೆಂದು ಬಕೆಟ್ ಅಕ್ಕ ಅವರ ಹತ್ತಿರವೇ ಬಗ್ಗಿ ಕೇಳಿದರು. "ನಂಗೇನು ಗೊತ್ತಮ್ಮ" ಎಂದ ಅಜ್ಜಿ ಕಿಟಕಿಯ ಕಡೆ ನೋಡಿದರು.

ಇವರ ಬಗ್ಗೆ ಲೇಖನ ಬರೆಯಲೆಂದು ಜೊತೆಗೆ ಬಂದಿರುವ ನನಗೆ ಇವರ ಪರಿಚಯವಾದದ್ದು ಕಳೆದ ವರ್ಷ, ನಮ್ಮ ಮನೆಯ ಟಾಯ್ಲೆಟ್ ಕಟ್ಟಿಕೊಂಡಾಗ. ನಾನು ಮೂಗು ಮುಚ್ಚಿಕೊಂಡು ದೂರ ನಿಂತಿದ್ದೆ. ಇಪ್ಪತ್ತು ನಿಮಿಷದಲ್ಲಿ ನೀರು ಗಳಗಳನೆ ಇಳಿಯಿತು. ಕಪ್ಪು ಕವರಿಗೆ ಗಂಟು ಹಾಕಿ, ನನ್ನ ಹೆಂಡತಿಯ ಮುಂದೆ ಅವರು ಹೇಳಿದ್ದು ಇಷ್ಟೇ: "ಆಯ್ತು, ಇನ್ನು ಬಳಸಬಹುದು." ಒಳಗೆ ಸಿಕ್ಕಿದ್ದು ಏನೆಂದು ನನಗೆ ಗೊತ್ತು, ಅವರಿಗೆ ಗೊತ್ತು. ನಾನೂ ಹೇಳುವುದಿಲ್ಲ.

ಬಕೆಟ್ ಅಕ್ಕನಿಗೆ ಈಗ ಐವತ್ತನಾಲ್ಕು. ಗಂಡ ಪ್ಲಂಬರ್ ಆಗಿದ್ದರು. ಏಣಿಯಿಂದ ಬಿದ್ದು ಬೆನ್ನುಮೂಳೆಗೆ ಪೆಟ್ಟಾಗಿ ಮಂಚ ಹಿಡಿದಾಗ ಮನೆಯ ಫೋನು ಮಾತ್ರ ಬಡಿದುಕೊಳ್ಳುತ್ತಲೇ ಇತ್ತು. "ನಲ್ಲಿ ರಿಪೇರಿಗೆ ಬೇರೆಯವರನ್ನ ಕರ್ಕೊಂಡ್ರು. ಟಾಯ್ಲೆಟ್ ಕಟ್ಟಿದೆ ಅಂದ್ರೆ ಯಾರೂ ಬರ್ತಿರ್ಲಿಲ್ಲ. ಅದಕ್ಕೇ ನಮ್ಮೆಜಮಾನ್ರು ಮಲಗಿದಲ್ಲಿಂದಲೇ ಹೇಳ್ಕೊಟ್ರು, ನಾನು ಹೋದೆ. ಮೊದಲನೇ ದಿನ ವಾಂತಿ ಮಾಡ್ಕೊಂಡೆ. ಎರಡನೇ ದಿನ ಅದೂ ಇಲ್ಲ" ಎನ್ನುತ್ತಾರೆ. ಅದಾಗಿ ಹತ್ತೊಂಬತ್ತು ವರ್ಷ. ಈಗ ಗಂಡ ಕೋಲು ಹಿಡಿದು ಓಡಾಡುತ್ತಾರೆ, ಫೋನು ತೆಗೆದುಕೊಂಡು ವಿಳಾಸ ಬರೆದಿಡುತ್ತಾರೆ, ಹೆಂಡತಿ ಬರುವ ಹೊತ್ತಿಗೆ ಬಿಸಿನೀರು ಕಾಯಿಸುತ್ತಾರೆ.

ದಿನಕ್ಕೆ ಐದು ಮನೆ, ಶಾಲೆಗೆ ರಜೆ ಬಂದರೆ ಏಳು. ಬೆಳಿಗ್ಗೆ ಆರರಿಂದ ಎಂಟರವರೆಗೆ ಬರುವ ಫೋನುಗಳಲ್ಲಿ ಎಲ್ಲರದ್ದೂ ಅಳುವ ಧ್ವನಿ. ಆಮೇಲೆ ಬಸ್ಸಿನಲ್ಲಿ ಸಿಕ್ಕರೆ ಅದೇ ಜನ ಕಿಟಕಿಯ ಕಡೆ ಮುಖ ತಿರುಗಿಸುತ್ತಾರೆ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು! ನನಗೆ ಇದನ್ನು ಕೇಳಿ ಸಿಟ್ಟು ಬಂತು. ಅವರಿಗೆ ಬರಲಿಲ್ಲ. "ನನ್ನ ಮುಖ ಕಂಡ್ರೆ ಅವರಿಗೆ ಅದೇ ನೆನಪಾಗತ್ತೆ ಸಾರ್, ಪಾಪ" ಎಂದು ನಗುತ್ತಾರೆ. ಅವರಿಗೆ ಅವಮಾನವೆನಿಸುವುದು ಒಂದೇ ಒಂದು ಸಂಗತಿ. ಒಂದೇ ಮನೆಯಿಂದ ಎರಡನೇ ಸಲ ಫೋನು ಬರಬಾರದು. ಬಂದರೆ ಮೊದಲ ಸಲದ ಕೆಲಸ ಕೆಟ್ಟಿತ್ತೆಂದು ಅರ್ಥ.

ಸಿಕ್ಕಿದ್ದನ್ನು ಹೇಳಬಾರದೆಂಬ ನಿಯಮ ಶುರುವಿನಲ್ಲಿ ಇರಲಿಲ್ಲ. ಹನ್ನೊಂದು ವರ್ಷದ ಹಿಂದೆ ಒಂದು ಮನೆಯಲ್ಲಿ ಮುದ್ದೆಯಾದ ಕಾಗದ ಹೊರಬಂತು. ಬಿಡಿಸಿ ನೋಡಿದರೆ ಶಾಲೆಯ ಅಂಕಪಟ್ಟಿ. "ಅಯ್ಯೋ, ನಿಮ್ಮ ಮಗಳ ಮಾರ್ಕ್ಸು ಇಲ್ಲಿದೆಯಲ್ಲ!" ಎಂದು ಅಪ್ಪನ ಎದುರೇ ನಕ್ಕುಬಿಟ್ಟರು. ಮೆಟ್ಟಿಲು ಇಳಿಯುವಾಗ ಏಟಿನ ಸದ್ದು ಕೇಳಿಸಿತು. "ಮತ್ತೆ ಮೇಲೆ ಹೋದೆ ಸಾರ್. ಬಾಗಿಲು ತೆಗೀಲಿಲ್ಲ. ಆ ಮಗುಗೆ ಹೊಡೆದಿದ್ದು ಅವರಪ್ಪ ಅಲ್ಲ, ನಾನು." ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅಂದಿನಿಂದ ಸಿಕ್ಕಿದ್ದೆಲ್ಲ ಕಪ್ಪು ಕವರಿಗೆ. ಉಂಗುರ, ಕೀಲಿಕೈಯಂಥದ್ದಾದರೆ ಯಾರದೋ ಅವರ ಕೈಗೆ, ಒಬ್ಬರೇ ಇದ್ದಾಗ.

ಶುಕ್ರವಾರದ ಮನೆಗೆ ಮರಳೋಣ. ಒಬ್ಬ ಗುತ್ತಿಗೆದಾರ ನೆಲ ಒಡೆಯಬೇಕೆಂದು ಆಗಲೇ ಹೆದರಿಸಿ ಹೋಗಿದ್ದಾನೆ. ಬಕೆಟ್ ಅಕ್ಕ ಮೊದಲು ಕಮೋಡಿನ ನೀರು ಮೊಗೆದು ಕಡಿಮೆ ಮಾಡುತ್ತಾರೆ. ಸೋಪುಪುಡಿ ಹಾಕಿ, ಬಿಸಿನೀರು ಸುರಿದು, ಹತ್ತು ನಿಮಿಷ ಸುಮ್ಮನೆ ಕೂರುತ್ತಾರೆ. ನೀರು ಕೈ ತಾಳುವಷ್ಟೇ ಬಿಸಿ ಇರಬೇಕು, ಕುದಿಯುವ ನೀರಾದರೆ ಪಿಂಗಾಣಿ ಬಿರಿಯುತ್ತದೆ. ಆಮೇಲೆ ಪಂಪಿನ ಬಟ್ಟಲು ನೀರಿನಲ್ಲಿ ಪೂರ್ತಿ ಮುಳುಗುವಂತೆ ಇಟ್ಟು, ಸುತ್ತ ಹಳೆ ಬಟ್ಟೆ ಒತ್ತಿ, ಮೊದಲ ಸಲ ಮೆಲ್ಲಗೆ ಅದುಮುತ್ತಾರೆ. "ಜನ ಸಿಟ್ಟಲ್ಲಿ ತಳ್ತಾರೆ. ತಳ್ಳಿದ್ರೆ ಇನ್ನೂ ಒಳಗೆ ಹೋಗಿ ಕೂರತ್ತೆ. ಎಳೀಬೇಕು ಸಾರ್, ಎಳೆಯೋದ್ರಲ್ಲೇ ಇರೋದು."

ಪಂಪಿಗೆ ಬಗ್ಗಲಿಲ್ಲ. ಸ್ಪ್ರಿಂಗ್ ತಂತಿಯನ್ನು ಕಮೋಡಿನ ಬಾಗಿದ ಕೊರಳಿಗೆ ಇಳಿಸಿ, ಕಣ್ಣು ಮುಚ್ಚಿ ತಿರುಗಿಸುತ್ತಾರೆ. ಏನೋ ಕೊಕ್ಕೆಗೆ ಸಿಕ್ಕಿತು. ಕೂದಲ ಉಂಡೆಯೊಂದು ಮೆಲ್ಲಗೆ ಹೊರಬಂತು, ಅದರ ತುಂಬ ಬೆಳ್ಳಗೆ ಹೊಳೆಯುವ ಚೂರುಗಳು. ಅವರು ಅದನ್ನು ಕೈಗವಸಿನಲ್ಲಿ ಹಿಡಿದು ಬೆಳಕಿಗೆ ತಿರುಗಿಸಿದರು. ಮಾತ್ರೆಯ ಹಾಳೆಯಿಂದ, ಅಂದರೆ ಸ್ಟ್ರಿಪ್ಪಿನಿಂದ, ಒಂದೊಂದಾಗಿ ಕತ್ತರಿಸಿದ ಮಾತ್ರೆಗಳು. ಒಂದೊಂದೂ ತನ್ನ ಹೊದಿಕೆಯೊಳಗೇ ಇದೆ, ಒಡೆದಿಲ್ಲ. ಎಣಿಸಿದರು. ಇಪ್ಪತ್ತಮೂರು.

ಅವರು ನನ್ನನ್ನು ನೋಡಿದರು, ನಾನು ಅವರನ್ನು. ಹೊರಗೆ ಕುರ್ಚಿಯಲ್ಲಿ ಊದಿದ ಪಾದ, ಸೋಮವಾರದ ಆಸ್ಪತ್ರೆ. ಹೇಳಿದರೆ ಎಂಬತ್ತು ದಾಟಿದ ಅಜ್ಜಿಯ ಮಾನ ಮನೆಮಂದಿಯ ಎದುರು ಹೋಗುತ್ತದೆ. ಹೇಳದಿದ್ದರೆ ಪ್ರಾಣವೇ ಹೋಗಬಹುದು. ಅವರು ಕವರಿಗೆ ಗಂಟು ಹಾಕಿ, ಫ್ಲಶ್ ಒತ್ತಿದರು. ನೀರು ಸುಳಿ ತಿರುಗಿ ಸರ್ರನೆ ಇಳಿಯಿತು. "ಆಯ್ತು, ಬಳಸಬಹುದು" ಎಂದದ್ದೇ ತಡ, ಮನೆಯವರೆಲ್ಲ ಬಾಗಿಲಿಗೆ ಸಾಲು ನಿಂತರು.

ಹಾಲ್‌ನಲ್ಲಿ ಉಳಿದದ್ದು ಅಜ್ಜಿ, ಬಕೆಟ್ ಅಕ್ಕ, ಹೊಸ್ತಿಲ ಬಳಿ ಬೂಟಿನ ದಾರ ಕಟ್ಟುವಂತೆ ನಟಿಸುತ್ತಿದ್ದ ನಾನು.

"ಅಜ್ಜಿ, ಇಪ್ಪತ್ತಮೂರು ಇದ್ವು" ಎಂದು ಬಕೆಟ್ ಅಕ್ಕ ಕುರ್ಚಿಯ ಪಕ್ಕ ನೆಲದ ಮೇಲೆ ಕುಳಿತರು.

ಅಜ್ಜಿ ಸೊಸೆ ನಿಂತಿದ್ದ ಕಡೆ ಒಮ್ಮೆ ನೋಡಿದರು. ಆಮೇಲೆ, "ಬಿಡಿಸೋಕೆ ಬೆರಳಲ್ಲಿ ಕಸುವಿಲ್ಲ. ಕಸದ ಡಬ್ಬಿಗೆ ಹಾಕಿದ್ರೆ ಅವಳು ನೋಡ್ತಾಳೆ. ಅದಕ್ಕೇ ಹಾಗೇ ಹಾಕ್ಬಿಡ್ತಿದ್ದೆ."

"ನುಂಗೋಕೆ ಏನು ಕಷ್ಟ?"

"ನೀರು ಇಳಿಸೋ ಮಾತ್ರೆ ಕಣಮ್ಮ ಅದು. ನುಂಗಿದ್ರೆ ಅರ್ಧ ಗಂಟೆಗೊಂದು ಸಲ ಓಡಬೇಕು. ಅವಳು ಒಂದೊಂದೇ ಕತ್ತರಿಸಿ ಕೊಡೋದು ಬೆಳಿಗ್ಗೆ ಏಳಕ್ಕೆ. ಆಗ ಒಳಗೆ ಯಾರಾದ್ರೂ ಇದ್ದೇ ಇರ್ತಾರೆ. ಮಕ್ಕಳಿಗೆ ಶಾಲೆ, ಕಾಲೇಜು, ಇವನಿಗೆ ಆಫೀಸು. ಬಾಗಿಲು ಹೇಗೆ ಬಡೀಲಿ? ಎರಡು ಸಲ ಇಲ್ಲೇ, ಈ ಕುರ್ಚಿ ಹತ್ರಾನೇ ಆಗೋಯ್ತು. ಮೊಮ್ಮಗಳು ಒರೆಸಿದ್ಲು. ಒಂದು ಮಾತೂ ಅನ್ಲಿಲ್ಲ. ಅಂದಿದ್ರೇ ವಾಸಿಯಾಗಿತ್ತು."

ನಾನು ಕಟ್ಟಿಕೊಂಡಿದ್ದ ಬೂಟಿನ ದಾರವನ್ನು ಬಿಚ್ಚಿ ಮತ್ತೆ ಕಟ್ಟಿದೆ.

"ನಾನು ಯಾರಿಗೂ ಹೇಳಲ್ಲ ಅಜ್ಜಿ" ಎಂದರು ಬಕೆಟ್ ಅಕ್ಕ. "ಹನ್ನೊಂದು ವರ್ಷದಿಂದ ಹೇಳಿಲ್ಲ. ಆದ್ರೆ ನೀವು ಹೇಳೋ ತನಕ ನಾನು ಈ ಪಂಪು ತೊಳೀತಾನೇ ಇರ್ತೀನಿ. ನಂಗೆ ಇನ್ನೂ ನಾಲ್ಕು ಮನೆ ಇದೆ, ನೋಡ್ಕೊಳ್ಳಿ."

ಹೇಳಿದಂತೆಯೇ ಮಾಡಿದರು. ಬಾಲ್ಕನಿಯ ನಲ್ಲಿಯಲ್ಲಿ ಪಂಪು ತೊಳೆದರು. ತಂತಿ ತೊಳೆದರು. ಮತ್ತೆ ಪಂಪು. ಅವರ ಫೋನು ಎರಡು ಸಲ ಬಡಿದುಕೊಂಡು ಸುಮ್ಮನಾಯಿತು. ಮೂರನೇ ಸಲ ಪಂಪಿಗೆ ಸೋಪು ಹಚ್ಚುತ್ತಿದ್ದಾಗ ಒಳಗಿನಿಂದ ಸೊಸೆಯನ್ನು ಕರೆಯುವ ಅಜ್ಜಿಯ ದನಿ ಕೇಳಿತು. "ಇಲ್ಲಿ ಬಾಮ್ಮ ಸ್ವಲ್ಪ. ಒಂದು ಮಾತಿದೆ."

ಸೊಸೆ ಕೇಳಿಸಿಕೊಂಡು ಕೂಗಾಡಲಿಲ್ಲ. ಅತ್ತೆಯ ಮಂಡಿಯ ಮೇಲೆ ಕೈಯಿಟ್ಟು, "ಬಾಗಿಲು ಬಡೀಬಾರದಾ ಅತ್ತೆ? ಒದೀಬಾರದಾ?" ಎಂದಷ್ಟೇ ಹೇಳಿ ಕಣ್ಣೊರೆಸಿಕೊಂಡರು. ಡಾಕ್ಟರಿಗೆ ಫೋನು ಹೋಯಿತು. ಡೋಸ್ ಏರಿಸಿದ್ದು ಬೇಡ, ಹಳೆಯದೇ ಸಾಕು, ಮನೆ ಖಾಲಿಯಿರುವ ಹತ್ತು ಗಂಟೆಗೆ ಕೊಡಿ, ಇವತ್ತೇ ಕರೆತಂದು ಒಮ್ಮೆ ತೋರಿಸಿ ಎಂದರಂತೆ. ಬಕೆಟ್ ಅಕ್ಕ ಅಷ್ಟು ಹೊತ್ತಿಗೆ ಎರಡು ಮಹಡಿ ಇಳಿದಾಗಿತ್ತು.

ಹನ್ನೆರಡು ದಿನ ಕಳೆದವು. ಟೀ ಅಂಗಡಿಯಲ್ಲಿ ಅವರೊಂದಿಗೆ ಈ ಲೇಖನದ ಕೊನೆಯ ಮಾತು ಆಡುತ್ತಿದ್ದೇನೆ. ಫೋನು ಬರುತ್ತದೆ, ಗಂಡನದ್ದು. ಕೇಳುತ್ತ ಕೇಳುತ್ತ ಬಕೆಟ್ ಅಕ್ಕನ ಮುಖ ಸಣ್ಣದಾಗುತ್ತದೆ. "ಅದೇ ಮನೆ ಸಾರ್" ಎಂದು ಟೀ ಅರ್ಧಕ್ಕೇ ಬಿಟ್ಟು ಏಳುತ್ತಾರೆ. ಮೂರು ಮಹಡಿಯನ್ನು ಬಕೆಟ್ಟಿನ ಸಮೇತ ಎಲ್ಲೂ ನಿಲ್ಲದೆ ಹತ್ತುತ್ತಾರೆ. ಹಿಂದೆಯೇ ಹತ್ತುತ್ತಿರುವ ನನ್ನ ಕಡೆ ನೋಡುವ ಸ್ಥಿತಿಯಲ್ಲಿ ಅವರಿಲ್ಲ.

ಬಾಗಿಲು ತೆರೆಯುವುದು ಅಜ್ಜಿಯೇ. ಕಾಲಲ್ಲಿ ಅವರದೇ ಚಪ್ಪಲಿ. "ಕಟ್ಟಿಲ್ಲ ಕಣೇ, ಗಾಬರಿ ಆಗಬೇಡ" ಎಂದು ಮೊದಲು ಹೇಳಿ, ಸೆರಗಿನಲ್ಲಿಟ್ಟುಕೊಂಡಿದ್ದ ಮಾತ್ರೆ ಹಾಳೆಯನ್ನು ಮುಂದೆ ಹಿಡಿಯುತ್ತಾರೆ. ಹತ್ತೂ ಗುಳಿ ಖಾಲಿ. "ಮೊಮ್ಮಗಳು ಕಾಲೇಜಿಗೆ ಹೋಗೋ ಮುಂಚೆ ಬಿಡಿಸಿ ಇಟ್ಟು ಹೋಗ್ತಾಳೆ. ನಿಂಗೆ ತೋರಿಸಬೇಕು ಅನ್ನಿಸ್ತು. ಹಾಗೇ ಕಮೋಡ್ ಪಕ್ಕ ಹಿಡ್ಕೊಳ್ಳೋಕೆ ಒಂದು ಕಂಬಿ ಹಾಕ್ಕೊಡು, ನಿನ್ನ ಕೈಲೇ ಆಗಬೇಕು."

ಬಕೆಟ್ ಅಕ್ಕ ಹಾಳೆಯನ್ನು ಬೆಳಕಿಗೆ ಹಿಡಿದು ಹಿಂದೆ ಮುಂದೆ ನೋಡುತ್ತಾರೆ. "ಈ ಹಾಳೆ ಈಗ ಎಲ್ಲಿಗೆ ಹಾಕ್ತೀರಿ?"

"ಕಸದ ಡಬ್ಬಿಗೆ" ಎನ್ನುತ್ತಾರೆ ಅಜ್ಜಿ, ಪಾಠ ಒಪ್ಪಿಸುವ ಮಗುವಿನ ಹಾಗೆ.

ಇದನ್ನೆಲ್ಲ ಬರೆಯಬಹುದೇ ಎಂದು ಬಕೆಟ್ ಅಕ್ಕನನ್ನು ಕೇಳುತ್ತೇನೆ. ಅವರು ಗೋಡೆಗೆ ಅಳತೆ ಹಿಡಿಯುತ್ತಿದ್ದಾರೆ, ತಿರುಗಿ ನೋಡುವುದಿಲ್ಲ. "ನನ್ನನ್ನ ಕೇಳಬೇಡಿ. ಅಜ್ಜಿನ ಕೇಳಿ."

"ಬರ್ಕೊಳಪ್ಪ" ಎನ್ನುತ್ತಾರೆ ಅಜ್ಜಿ. "ನನ್ನ ಹಾಗೆ ಇನ್ನೂ ಎಷ್ಟು ಜನ ಒಳಗೆ ಹಾಕ್ತಿದಾರೋ ಏನೋ."

ಬಕೆಟ್ ಅಕ್ಕ ಈಗ ತಿರುಗುತ್ತಾರೆ. ಕೈಯಲ್ಲಿನ ಪೆನ್ಸಿಲನ್ನು ನನ್ನತ್ತ ತೋರಿಸಿ ಹೇಳುತ್ತಾರೆ: "ಬರೆಯೋವಾಗ ಅದೊಂದನ್ನ ಸರಿಯಾಗಿ ಬರೀರಿ ಸಾರ್. ಹೇಳಿದ್ದು ಅವರು. ನಾನಲ್ಲ."