ಕಟ್ಟೆಯ ನೀರು ಹಸಿರಾದ ಬೇಸಿಗೆ

ಮಾತ್ರೆ ಶೀಶೆಯ ಮುಚ್ಚಳದೊಳಗೆ ಒಂದು ಹಸಿರು ಎಳೆ ಒಣಗಿ ಅಂಟಿದೆ, ಕೂದಲಿಗಿಂತ ತೆಳು. ಟ್ರಂಕು ಜಾಲಾಡುವಾಗ ಸಿಕ್ಕಿತು. ಎಂ.ಎಸ್ಸಿ. ಓದುವಾಗ ಒಂದು ಬೇಸಿಗೆ ಪೂರ್ತಿ ಬಿಳಿಗೆರೆಯ ದೊಡ್ಡಪ್ಪನ ಮನೆಯಲ್ಲಿದ್ದು, ತೆಂಗಿನ ತೋಟದ ಪಕ್ಕದ ಕಟ್ಟೆಯಲ್ಲಿ ಓದಿನ ಕೆಲಸಕ್ಕೆಂದು ಇಂಥ ಶೀಶೆಗಳಲ್ಲಿ ಪಾಚಿ ಹಿಡಿಯುತ್ತಿದ್ದೆ. ಮೀನು ಹಿಡಿಯುವವರಿಗಾದರೂ ಊರಲ್ಲಿ ಮರ್ಯಾದೆ ಉಂಟು, ನನಗಿರಲಿಲ್ಲ.

ಪಾಚಿಯ ಸ್ವಭಾವ ನಿಮಗೆ ಗೊತ್ತಿರಲಿ. ಬಿಸಿಲು, ಸಾರ ಎರಡೂ ಸಿಕ್ಕರೆ ಸುಮ್ಮನೆ ಬೆಳೆಯುತ್ತದೆ. ಸಾರ ತೀರಿ ನೀರು ಇಳಿಯತೊಡಗಿದರೆ ಎರಡು ಎಳೆಗಳು ಕೂಡಿ, ದಪ್ಪ ಸಿಪ್ಪೆಯ ಬೀಜ ಕಟ್ಟಿ, ಕೆಸರಿನಲ್ಲಿ ಮಳೆಗೆ ಕಾಯುತ್ತವೆ. ನಾನು ಕಾದಿದ್ದು ಆ ಕೂಡಿಕೆಗೆ. ಅದು ಆಗಲೇ ಇಲ್ಲ. ಬಿರುಬೇಸಿಗೆಯಲ್ಲೂ ಪಾಚಿ ಕೊಬ್ಬುತ್ತಲೇ ಹೋಯಿತು. ಕಾರಣ ಕಟ್ಟೆಯ ಮೆಟ್ಟಿಲ ಮೇಲೇ ಬಿದ್ದಿತ್ತು. ಕಿತ್ತ ತೆಂಗಿನಕಾಯಿ ತುಂಬಿಡಲೆಂದು ಊರವರೆಲ್ಲ ಯೂರಿಯಾದ ಖಾಲಿ ಚೀಲಗಳನ್ನು ಅಲ್ಲೇ ನೆನೆಹಾಕಿ ಉಜ್ಜುತ್ತಿದ್ದರು. ದೊಡ್ಡಪ್ಪನ ಚೀಲಗಳೇ ಹೆಚ್ಚು.

ಆದರೆ ದೊಡ್ಡಪ್ಪನ ಜಗಲಿಯಲ್ಲಿ ದಿನಾ ಸೇರುವವರ ತೀರ್ಮಾನ ಬೇರೆ. ಪಕ್ಕದ ಮನೆಯ ರಂಗಮ್ಮ ಮುಟ್ಟಾದಾಗ ನೀರಿಗಿಳಿದಳಂತೆ, ಅದಕ್ಕೇ ಕಟ್ಟೆ ಹಸಿರಾಯಿತಂತೆ. ಅಂದಿನಿಂದ ಅವಳು ಬಳಕೆಯ ನೀರಿಗೂ ಊರಾಚೆಯ ಬಾವಿಗೆ ನಡೆಯಬೇಕಾಯಿತು.

"ದೊಡ್ಡಪ್ಪ, ಚೀಲ ತೊಳೆದದ್ದರಿಂದ ಹೀಗಾಗಿದೆ" ಎಂದೆ.

"ಗೊಬ್ಬರ ಗಿಡಕ್ಕೆ ಒಳ್ಳೇದು ಕಣೇ. ನೀರಿಗೆ ಏನ್ ಮಾಡುತ್ತೆ?"

"ಪಾಚಿಯೂ ಗಿಡವೇ."

"ನೋಡ್ರೀ, ನಮ್ ಹುಡುಗಿ ಪಾಚಿ ಪರ ವಕಾಲತ್ತು ಹಾಕ್ತಾವ್ಳೆ!" ಜಗಲಿ ನಕ್ಕಿತು. ನಾನು ಒಳಗೆ ಹೋಗಿ ನೀರಿನ ಆಳ, ಬಿಸಿಲು, ಶಾಖ ಎಲ್ಲವನ್ನೂ ಅಚ್ಚುಕಟ್ಟಾಗಿ ಬರೆದಿಟ್ಟೆ. ಒಂದನ್ನು ಮಾತ್ರ ಎಲ್ಲೂ ಬರೆಯಲಿಲ್ಲ, ಯಾರಿಗೂ ಹೇಳಲಿಲ್ಲ. ಮುಟ್ಟಿನ ದಿನಗಳನ್ನು ಮನೆಯಲ್ಲಿ ಮುಚ್ಚಿಟ್ಟು ನಾನೂ ಪ್ರತಿ ತಿಂಗಳು ಅದೇ ನೀರಿಗೆ ಇಳಿದಿದ್ದೆ.

ಸಂಜೆ ರಂಗಮ್ಮ ಬಾವಿಯಿಂದ ಬರುತ್ತ ಎದುರಾದಳು. ಸೊಂಟದ ಬಿಂದಿಗೆ ಇಳಿಸದೆಯೇ ಅಂದಳು: "ನಮ್ಮನೆ ಬದನೆ ಗಿಡ ಒಣಗೋಗ್ತೈತೆ ಕಣವ್ವ. ನಂಗೆ ಅಷ್ಟು ಶಕ್ತಿ ಇದ್ದಿದ್ರೆ ಮೊದ್ಲು ಅದನ್ನ ಹಸ್ರು ಮಾಡ್ಕತಿದ್ದೆ. ಬುಡು." ಅವಳು ನಕ್ಕಳು. ನನಗೆ ಮೈಯೆಲ್ಲ ಉರಿಯಿತು. ದೊಡ್ಡಪ್ಪನ ಮೇಲೆ, ಜಗಲಿಯ ಮೇಲೆ, ಎಲ್ಲರಿಗಿಂತ ಹೆಚ್ಚಾಗಿ ನನ್ನ ಅಚ್ಚುಕಟ್ಟಿನ ಮೇಲೆ. ಆ ಉರಿ ಈಗಲೂ ಆರಿಲ್ಲ, ಆರಬಾರದೆಂದೇ ಬರೆಯುತ್ತಿದ್ದೇನೆ.

ಮಾರನೇ ಬೆಳಿಗ್ಗೆ ಜಗಲಿಯಲ್ಲಿ ನಾಲ್ಕು ಜನ ಸೇರಿದ್ದಾಗ ದೊಡ್ಡಪ್ಪನ ಎದುರು ನಿಂತು, "ಎರಡು ತಿಂಗಳಿಂದ ಮುಟ್ಟಾದಾಗಲೂ ನಾನು ಕಟ್ಟೆಗೆ ಇಳಿದಿದ್ದೇನೆ. ಇವತ್ತೂ ಮುಟ್ಟು" ಎಂದೆ. ಯಾರೂ ನಗಲಿಲ್ಲ. ಅಡುಗೆಮನೆಯ ಬಿಂದಿಗೆ ತೆಗೆದುಕೊಂಡು ಕಟ್ಟೆಗಿಳಿದೆ, ತುಂಬಿಸಿದೆ, ಊರ ನಡುವೆಯೇ ನಡೆದು ರಂಗಮ್ಮನ ಬಾಗಿಲಲ್ಲಿ ಇಳಿಸಿದೆ.