ಓದದೆ ಕೊಟ್ಟ ತೀರ್ಪು

ನಸ್ರೀನ್‌ಳ ಲೇಖನವನ್ನು ತಿರಸ್ಕರಿಸಬೇಕೆಂದು ವರದಿ ಬರೆದವನು ನಾನು. ಲೇಖನವನ್ನು ನಾನು ಓದಿರಲಿಲ್ಲ.

ಗದಗಿನ ಕಾಲೇಜೊಂದರಲ್ಲಿ ಕನ್ನಡ ಕಲಿಸುತ್ತೇನೆ. ಒಂದು ಸಂಶೋಧನಾ ಪತ್ರಿಕೆಯವರು ಆಗಾಗ ಲೇಖನಗಳನ್ನು ಕಳಿಸಿ, ಪ್ರಕಟಿಸಬಹುದೇ ಎಂದು ಕೇಳುತ್ತಿದ್ದರು. ಬರೆದವರ ಹೆಸರು ನಮಗೆ ತಿಳಿಯುವುದಿಲ್ಲ, ನಮ್ಮ ಹೆಸರು ಅವರಿಗೆ ತಿಳಿಯುವುದಿಲ್ಲ. ಎರಡು ವರ್ಷಗಳ ಹಿಂದೆ ಹಳೆಯ ಬಟ್ಟೆ ಜೋಡಿಸಿ ಕೌದಿ ಹೊಲಿಯುವ ಹೆಂಗಸರು ಬಳಸುವ ಪದಗಳ ಬಗ್ಗೆ ಒಂದು ಲೇಖನ ಬಂತು. ಅದನ್ನು ಎಐಗೆ ಕೊಟ್ಟು, ವರದಿ ಬರೆದುಕೊಡು ಎಂದೆ. ಹಾಗೆ ಮಾಡಕೂಡದೆಂದು ಪತ್ರಿಕೆಯ ನಿಯಮವೇ ಇತ್ತು. 'ಸ್ವತಃ ಓದಿದ್ದೇನೆ' ಎಂಬಲ್ಲಿ ಗುರುತೂ ಹಾಕಿದೆ. ಕೆಲಸ ಬಹಳವಿತ್ತು ಎನ್ನಬಹುದು — ಇರಲಿಲ್ಲ. ಆ ಮಧ್ಯಾಹ್ನ ಊಟ ಮಾಡಿ ಮಲಗಿದ್ದೆ.

ನಾನು ನಕಲು ಮಾಡಿ ಹಾಕಿದ್ದರಲ್ಲಿ ಕೊನೆಯ ನಾಲ್ಕು ಪುಟ ಬಿಟ್ಟುಹೋಗಿದ್ದವು. 'ಪದಗಳನ್ನು ಹೇಳಿದವರ ವಿವರ ಕಾಣುತ್ತಿಲ್ಲ' ಎಂದಿತು ಯಂತ್ರ. ಅಷ್ಟಕ್ಕೇ ಬಿಟ್ಟಿದ್ದರೂ ಆಗುತ್ತಿತ್ತು, ಆದರೆ ವರದಿಗೆ ತೂಕ ಬರಲೆಂದು ಒಂದು ವಾಕ್ಯ ನಾನೇ ಸೇರಿಸಿದೆ: 'ಈ ಪದಗಳನ್ನು ಲೇಖಕರೇ ಹುಟ್ಟಿಸಿರುವಂತಿದೆ.' ಅದು ಯಂತ್ರದ್ದಲ್ಲ. ನನ್ನದು.

ಮುಂದಿನ ತಿಂಗಳು ನಸ್ರೀನ್ ನನ್ನ ಕೋಣೆಗೆ ಬಂದಳು. ನನ್ನ ಹಳೆಯ ವಿದ್ಯಾರ್ಥಿನಿ; ಲಕ್ಷ್ಮೇಶ್ವರದಲ್ಲಿ ಗಾದಿ ಅಂಗಡಿ ಇಟ್ಟ ಮೆಹಬೂಬಸಾಬರ ಮಗಳು, ಪಿಎಚ್‌ಡಿ ಮಾಡುತ್ತಿದ್ದಳು. ಕೈಯಲ್ಲಿದ್ದ ಹಾಳೆಯನ್ನು ನನ್ನ ಮುಂದಿಟ್ಟಳು. ನನ್ನ ವಾಕ್ಯ ಅದರಲ್ಲಿತ್ತು.

"ಸರ್, ಇವ್ರು ನನ್ನ ಲೇಖನ ಓದ್ಯಾರೇನ್ರಿ? ಕಡೀ ನಾಕು ಪುಟದಾಗ ಎಲ್ಲಾ ಹೆಂಗಸರ ಹೆಸರು, ಊರು ಕೊಟ್ಟೀನ್ರಿ."

ಆಗ ಹೇಳಬೇಕಿತ್ತು. ಬಾಯಿಗೆ ಬಂದದ್ದು ಬೇರೆ.

"ಓದಿರ್ತಾರವಾ, ಓದದ ಹೆಂಗ ಬರೀತಾರ? ನೀನ ಇನ್ನೊಮ್ಮೆ ನೋಡು."

ಅವಳು ನನ್ನ ಮಾತನ್ನು ನಂಬಿದಳು — ನಂಬಿ, ತನ್ನನ್ನೇ ಅನುಮಾನಿಸತೊಡಗಿದಳು. ಇದು ನನಗೆ ತಿಳಿದದ್ದು ಮೊನ್ನೆ, ಮದುವೆಯೊಂದಕ್ಕೆ ಲಕ್ಷ್ಮೇಶ್ವರಕ್ಕೆ ಹೋದಾಗ. ಮೆಹಬೂಬಸಾಬರು ಅಂಗಡಿಯಿಂದ ಎದ್ದುಬಂದು ಕರೆದು ಕೂರಿಸಿದರು, ಚಹಾ ತರಿಸಿದರು.

"ನಮ್ಮ ಹುಡುಗಿ ಸುಳ್ಳು ಬರದಾಳಂತ್ರಿ ಸರ್. ಯಾರೋ ದೊಡ್ಡ ಸಾಹೇಬ್ರು ಕಾಗದದಾಗ ಹಂಗ ಬರದು ಕಳಿಸ್ಯಾರ. ಖರೆ ಐತಿ ಅಂತ ತೋರಸಾಕ ಆ ಹೆಂಗಸರ ಸಹಿ ತರ್ತೀನಿ ಅಂತ ಹೋದಳ್ರಿ. ಸಹಿ ಅಂದಕೂಡ್ಲೆ ಅವರು ಅಂಜಿದ್ರು. ಶಿರಹಟ್ಟಿಯಾಗ ಒಬ್ಬಾಕಿ ಬಾಗಿಲಾನ ತಗೀಲಿಲ್ಲಂತ. ಈಗ ಬರಿಯೂದ ಬಿಟ್ಟಾಳ. ಮುಂಡರಗಿಯಾಗ ಸಾಲಿ ಕಲಸಾಕ ಹೊಕ್ಕಾಳ್ರಿ."

ವರ್ಷಗಟ್ಟಲೆ ಅವಳನ್ನು ಒಳಗೆ ಕರೆದು ಕೂರಿಸಿ ತಮ್ಮ ಪದಗಳನ್ನು ಹೇಳಿಕೊಟ್ಟ ಹೆಂಗಸರು — ಆ ಬಾಗಿಲುಗಳನ್ನು ಮುಚ್ಚಿಸಿದ್ದು ನನ್ನ ಒಂದು ವಾಕ್ಯ.

ಮನೆಗೆ ಬಂದು ಪತ್ರಿಕೆಯ ಸಂಪಾದಕರಿಗೆ ನಡೆದದ್ದನ್ನೆಲ್ಲ ಬರೆದೆ. ಪರಿಶೀಲಕರ ಪಟ್ಟಿಯಿಂದ ನನ್ನ ಹೆಸರು ತೆಗೆದುಹಾಕಿದರು. ಲೇಖನವನ್ನು ಮತ್ತೆ ಪರಿಶೀಲಿಸುವುದಾಗಿ ಅವಳಿಗೆ ತಿಳಿಸುತ್ತೇವೆಂದರು. ಅದಕ್ಕೂ ಮೊದಲು ನಾನೇ ಹೇಳಬೇಕೆಂದು ಮುಂಡರಗಿ ಬಸ್ಸು ಹತ್ತಿದೆ.

ಶಿಕ್ಷಕರ ಕೋಣೆಯಲ್ಲಿ ಅವಳೊಬ್ಬಳೇ ಇದ್ದಳು. ನಿಂತುಕೊಂಡೇ ಹೇಳಿದೆ. ಕ್ಷಮಿಸು ಎನ್ನಲಿಲ್ಲ, ಅದನ್ನು ಕೇಳಿದರೆ ಮತ್ತೊಂದು ಭಾರ ಅವಳ ಮೇಲೆಯೇ ಹೊರಿಸಿದಂತೆ.

"ನೀವು ಓದಿ ಚಲೋ ಇಲ್ಲ ಅಂದಿದ್ರ ನಾ ತಾಳ್ಕೊಂತಿದ್ನಿ ಸರ್," ಎಂದಳು. ಬಳಿಕ ಕಪಾಟಿನಿಂದ ಲೇಖನದ ಪ್ರತಿ ತೆಗೆದು ಮೇಜಿನ ಮೇಲಿಟ್ಟಳು. "ಈಗರೆ ಓದ್ರಿ. ನನಗ ಕ್ಲಾಸ್ ಐತಿ."

ಓದಿದೆ. ಪಕ್ಕದ ಕೋಣೆಯಿಂದ ಅವಳ ಪಾಠ ಕೇಳುತ್ತಿತ್ತು. ಹರಿದ ಸೀರೆಯ ತುಂಡು ಜೋಡಿಸುವ ಒಂದೊಂದು ಬಗೆಗೂ ಆ ಹೆಂಗಸರಲ್ಲಿ ಹೆಸರಿತ್ತು; ಯಾವ ಹೆಸರನ್ನು ಯಾರು, ಯಾವ ಊರಲ್ಲಿ, ಏನು ಮಾಡುತ್ತ ಕುಳಿತು ಹೇಳಿದರೆಂದು ಅವಳು ಬರೆದಿದ್ದಳು. ಲೇಖಕರ ಹೆಸರಿಲ್ಲದಿದ್ದರೂ ಮೊದಲ ಪುಟದಲ್ಲೇ ಅವಳ ಬರವಣಿಗೆಯ ಗುರುತು ನನಗೆ ಸಿಗುತ್ತಿತ್ತು — ಆ ಪುಟವನ್ನಾದರೂ ಓದಿದ್ದರೆ.

ಗಂಟೆ ಹೊಡೆಯಿತು. ಅವಳು ಬಂದು ಎದುರಿಗೆ ಕುಳಿತು ಪೆನ್ನು ಹಿಡಿದಳು.

"ಹೇಳ್ರಿ, ಏನ್ ತಪ್ಪದಾವ?"

"ಡೋಣಿ ಊರು ಶಿರಹಟ್ಟಿ ತಾಲೂಕಿನಾಗ ಅಂತ ಬಿದ್ದೈತಿ, ಮುಂಡರಗಿ ಅಂತ ಆಗಬೇಕು. ಆಮ್ಯಾಲೆ ಒಂದು ಪದ ಎರಡು ಕಡೆ ಎರಡು ಥರ ಬರದೀದಿ."

ಅವಳು ತಿದ್ದಿಕೊಂಡಳು. ಪೆನ್ನು ಎತ್ತದೆ ಕಾದಳು.

"ತಪ್ಪು ಇಷ್ಟ ಏನ್ರಿ?"

"ಇಷ್ಟ ಅವಾ."